ಭಂಡಾರದ ಹೆಬ್ಬೆಟ್ಟು

ಒಂಬತ್ತನೆಯ ದಿನ ಬೆಳಗ್ಗೆ ಜಕ್ಕಪ್ಪ ಹಿತ್ತಲ ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಇರುವೆಗಳನ್ನು ನೋಡುತ್ತಿದ್ದ. ಸಾವಳಗಿ ಊರು ಹುಟ್ಟಿದಂದಿನಿಂದ ಅಷ್ಟು ಇರುವೆ ಒಂದು ಕಡೆ ಕೂಡಿದ್ದನ್ನು ಯಾರೂ ಕಂಡಿರಲಿಲ್ಲ. ಹಿಂದೆ ಜಮಖಂಡಿಯ ಅರಸರ ದಂಡು ಹೊರಟಾಗಲೂ ಸಾಲು ಇಷ್ಟು ಉದ್ದ ಇದ್ದಿರಲಾರದು. ಮೊದಲ ಇರುವೆ ಗೋಡೆ ಮುಟ್ಟಿದಾಗ ಕೊನೆಯದು ಇನ್ನೂ ಮುಧೋಳದ ಹಾದಿಯಲ್ಲಿತ್ತು. ಬೇರೆ ದಿನವಾಗಿದ್ದರೆ ಜಕ್ಕಪ್ಪ ಈ ಸುದ್ದಿಯನ್ನು ಚಹಾದಂಗಡಿಗೆ ಒಯ್ದು, ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಒಯ್ದು, ಸಂಜೆಯ ಹೊತ್ತಿಗೆ ಒಂದೊಂದು ಇರುವೆಯನ್ನೂ ಗಜ್ಜುಗದಷ್ಟು ದಪ್ಪ ಮಾಡಿ ಮನೆಗೆ ತಂದಿರುತ್ತಿದ್ದ. ಇವತ್ತು ಕಾಲಿನಿಂದ ಮಣ್ಣೆಳೆದು ಮುಚ್ಚಿದ. ಮುಚ್ಚಿದಷ್ಟೂ ಅವು ಮೇಲೆ ಬಂದವು. ಒಳಗೆ ಹೆಂಡತಿ ತಂಗೆವ್ವ ನರಳಿದಳು, ನರಳಿ ನಡುವೆಯೇ ನಿಲ್ಲಿಸಿದಳು. ಪೂರಾ ನರಳಿದರೆ ಹೊಟ್ಟೆ ಅಲುಗುತ್ತದೆ, ಅಲುಗಿದರೆ ನೋಯುತ್ತದೆ. ಒಂಬತ್ತು ದಿನದಿಂದ ಆ ಹೊಟ್ಟೆಯಿಂದ ಏನೂ ಹೊರಗೆ ಬಂದಿರಲಿಲ್ಲ. ಡೊಳ್ಳಿನಂತೆ ಬಿಗಿದಿತ್ತು. ನಿನ್ನೆ ಸಂಜೆ ಅವನು ಅದರ ಮೇಲೆ ಅಂಗೈ ಇಟ್ಟಿದ್ದ, ಕುರಿಯ ಹೊಟ್ಟೆಗೆ ಇಡುವಂತೆ, ಎಡಗಡೆ ಪಕ್ಕೆಯ ಕೆಳಗೆ, ಎರಡು ಬೆರಳಿನಿಂದ ಬಡಿದು. ಬಂದ ಸದ್ದು ಅವನಿಗೆ ಗೊತ್ತಿತ್ತು. ಅಷ್ಟು ಚೆನ್ನಾಗಿ ಗೊತ್ತಿದ್ದ ಸದ್ದು ಅವನ ಆಯುಷ್ಯದಲ್ಲಿ ಬೇರೊಂದಿರಲಿಲ್ಲ.

ಜಕ್ಕಪ್ಪನ ಕೈಗೆ ಬಿಚ್ಚದ ಹೊಟ್ಟೆ ಕೃಷ್ಣೆಯ ಈ ದಂಡೆಯಲ್ಲೂ ಇರಲಿಲ್ಲ, ಆ ದಂಡೆಯಲ್ಲೂ ಇರಲಿಲ್ಲ. ಬಾಡಗಂಡಿಯ ಕಬ್ಬಿನ ರವದಿ ತಿಂದು ಉಬ್ಬಿದ ಎಮ್ಮೆ, ಬನಹಟ್ಟಿಯಲ್ಲಿ ಮಗ್ಗದ ನೂಲು ನುಂಗಿದ ಆಡು, ಬೀಳಗಿಯ ಕಡೆಯ ಲೆಕ್ಕವಿಲ್ಲದಷ್ಟು ಕುರಿ, ಒಮ್ಮೆ ಹಾದಿ ತಪ್ಪಿ ಬಂದ ಸರ್ಕಸ್ಸಿನ ಒಂಟೆ ಕೂಡ. ಪಡಸಾಲೆಯ ಗೂಟಕ್ಕೆ ಅವನ ಗೊಟ್ಟ ತೂಗುತ್ತಿತ್ತು, ಎಣ್ಣೆ ಕುಡಿಸುವ ಬಿದಿರಿನ ಕೊಳವೆ, ಮೂರು ತಲೆಮಾರಿನ ಬಾಯಿ ಕಡಿದು ಕಡಿದು ತುದಿ ನುಣ್ಣಗಾದದ್ದು. ಅದರ ಪಕ್ಕದ ಗೂಟಕ್ಕೆ ಬೀರೇಶ್ವರನ ಭಂಡಾರದ ಚೀಲ, ದೇವರ ಅರಿಶಿನ ಪುಡಿಯದು. ಗೊಟ್ಟ ಎತ್ತುವ ಮುಂಚೆ ಭಂಡಾರ ಹಣೆಗೆ ಹಚ್ಚಿ, ಎಣ್ಣೆ ಹೊಯ್ದು, ಪಕ್ಕೆ ತಿಕ್ಕಿ, ಜಕ್ಕಪ್ಪ ಮೂರು ಹೆಜ್ಜೆ ಹಿಂದೆ ಸರಿದು ನಿಂತರೆ ನೋಡುವವರೂ ಸರಿದು ನಿಲ್ಲಬೇಕು. ಸರಿಯದೆ ನಿಂತ ಒಬ್ಬ ಗ್ರಾಮಸೇವಕ ಪ್ಯಾಂಟು ಬದಲಿಸಲು ಜಮಖಂಡಿಗೆ ಹೋದವನು ಮರಳಿ ಬರಲೇ ಇಲ್ಲ ಎಂಬುದು ಜಕ್ಕಪ್ಪನೇ ಹೇಳಿ, ಊರವರೆಲ್ಲ ನಕ್ಕು, ಯಾರೂ ನಂಬದ, ಆದರೆ ಯಾರೂ ಬಿಡದ ಕಥೆ. ಅವನ ಬಾಯಿಯನ್ನು ಯಾರೂ ನಂಬುತ್ತಿರಲಿಲ್ಲ. ಅವನ ಭಂಡಾರವನ್ನು ಎಲ್ಲರೂ ನಂಬುತ್ತಿದ್ದರು. ಭಂಡಾರ ಮುಟ್ಟಿ ಹೇಳಿದ ಮೇಲೆ ಅದು ಜಕ್ಕಪ್ಪನ ಮಾತಲ್ಲ. ಈ ಎರಡರ ನಡುವೆ ಅವನು ಅರವತ್ತು ವರ್ಷ ಆರಾಮಾಗಿ ಬದುಕಿದ್ದ.

ತಂಗೆವ್ವನ ಗರ್ಭಕೋಶದ ಕ್ಯಾನ್ಸರ್ ಹುಣ್ಣು ಬೆನ್ನೆಲುಬಿಗೆ ಇಳಿದ ಮೇಲೆ ಜಮಖಂಡಿಯಿಂದ ನರ್ಸ್ ಕೇತಕಿ ಸ್ಕೂಟಿಯ ಮೇಲೆ ವಾರಕ್ಕೊಮ್ಮೆ ಬರತೊಡಗಿದ್ದಳು. ಪಟವರ್ಧನ ಅರಸರ ಕಾಲದಿಂದ ಜಮಖಂಡಿಯಲ್ಲಿ ನೆಲೆಸಿದ ಪೂಜಾರಿಗಳ ಮನೆಯ ಹುಡುಗಿ. ಫೋನಿನಲ್ಲಿ ತಾಯಿಯೊಂದಿಗೆ ಮರಾಠಿ, ಇವರ ಹೊಸ್ತಿಲು ದಾಟಿದರೆ ಇವರ ಮಾತು. ಮೊದಲ ದಿನ ಮಾರ್ಫಿನ್ ಗುಳಿಗೆಗಳನ್ನು ಸೊಸೆ ಉಮಾಶ್ರೀಯ ಅಂಗೈಗೆ ಎಣಿಸಿ ಹಾಕಿ, ನಾಲ್ಕು ತಾಸಿಗೊಂದು, ನೋವು ಬರುವ ಮುಂಚೆಯೇ ಕೊಡಬೇಕು, ಬಂದ ಮೇಲೆ ಅಲ್ಲ ಎಂದು ಹೇಳಿದಳು. ಮೊದಮೊದಲು ನಿದ್ದೆ ಎಳೆಯುತ್ತದೆ, ವಾಂತಿಯಾಗುತ್ತದೆ, ಮೈ ತುರಿಸಬಹುದು, ಇಲ್ಲದ್ದು ಕಾಣಬಹುದು. ಅವೆಲ್ಲ ನಾಲ್ಕಾರು ದಿನಕ್ಕೆ ಇಳಿಯುತ್ತವೆ, ಇಳಿಯದಿದ್ದರೆ ಫೋನ್ ಮಾಡಿ. ಹೊಟ್ಟೆ ಕಟ್ಟುವುದು ಮಾತ್ರ ಗುಳಿಗೆ ಇರುವ ತನಕ ಇರುತ್ತದೆ, ಆದ್ದರಿಂದ ಗುಳಿಗೆಯ ಜೊತೆಗೇ ಈ ಸಿಹಿ ಔಷಧಿ, ಬೆಳಗ್ಗೆ ಎರಡು ಚಮಚ, ರಾತ್ರಿ ಎರಡು ಚಮಚ, ಒಂದು ದಿನವೂ ತಪ್ಪಿಸಬಾರದು. ಹೊಟ್ಟೆಯ ವಿಷಯ ಬಂದೊಡನೆ ಉಮಾಶ್ರೀ ಮಾವನ ಕಡೆ ನೋಡಿದಳು, ನೆರೆದವರೂ ನೋಡಿದರು, ಜಕ್ಕಪ್ಪ ಮೀಸೆ ತಿರುವಿ, ಆ ಬಾಟಲಿ ಇತ್ತ ಕೊಡಿ, ಅದು ನನ್ನ ಖಾತೆ ಎಂದ. ಮುಂದೆ ನರ್ಸ್ ಹೇಳಿದ್ದು ಅವನ ಕಿವಿಯ ಬಾಗಿಲಿನಲ್ಲಿ ನಿಂತು ಹೋಯಿತು. ಮನುಷ್ಯರ ಹೊಟ್ಟೆಯೂ ತನ್ನ ಕೈಕೆಳಗೆ ಬಂದ ಆ ಹೊತ್ತು ಅವನು ಹೆಂಡತಿಯ ಹುಣ್ಣನ್ನೂ ಒಂದು ಗಳಿಗೆ ಮರೆತಿದ್ದ. ಅದು ಈಗ, ಇರುವೆಗಳ ಮುಂದೆ, ಮುಳ್ಳಿನಂತೆ ನೆನಪಾಯಿತು.

ಮೂರು ದಿನ ನಿಯತ್ತಾಗಿ ಕುಡಿಸಿದ. ಮೂರನೆಯ ರಾತ್ರಿ ತಂಗೆವ್ವ ಏಳುವ ಮುಂಚೆಯೇ ಸೀರೆ ಕೆಟ್ಟಿತು, ಹಾಸಿಗೆ ಕೆಟ್ಟಿತು, ಬೆಳಗಿನೊಳಗೆ ಎರಡು ಸಲ. ಸೊಸೆ ತೊಳೆಯುವಾಗ ಅವಳು ಗೋಡೆಯ ಕಡೆ ಮುಖ ಮಾಡಿ ಅತ್ತ ಅಳು ಹುಣ್ಣಿನ ನೋವಿಗೂ ಅತ್ತಿರಲಿಲ್ಲ. ಸೊರಗಿದ ತೊಡೆ, ನಡುಗುವ ಮಂಡಿ. ಅದನ್ನು ನೋಡುತ್ತ ನಿಂತಾಗ ಜಕ್ಕಪ್ಪನ ಕಾಲಕೆಳಗೆ ಗಲಗಲಿಯ ಹೊಳೆದಂಡೆಯ ಮರಳು ಬಂತು. ಹಿಂಡು ಹೊಳೆಯ ಸಾಲಿಗೆ ಇಳಿದ ವರ್ಷ, ಮಳೆಗೆ ನೆನೆದು ಸೊರಗಿದ ಹನ್ನೊಂದು ಕುರಿ. ಹೊಟ್ಟೆ ಕೊಂಚ ಬಿಗಿದಿದ್ದಕ್ಕೆ, ಒಂದು ದಿನ ಕಾದರೆ ತಾನೇ ಇಳಿಯುತ್ತಿತ್ತು, ಕೂಡಿದವರ ಮುಂದೆ ಕೈಚಳಕ ತೋರಿಸುವ ಹುರುಪಿನಲ್ಲಿ ಹನ್ನೊಂದಕ್ಕೂ ಗೊಟ್ಟ ತುಂಬ ಹರಳೆಣ್ಣೆ ಹೊಯ್ದಿದ್ದ. ಇಡೀ ಹಗಲು ಅವು ಹಿಂದಿನಿಂದ ಹರಿದವು. ಮರುದಿನ ಒಂದೂ ಏಳಲಿಲ್ಲ. ಕಣ್ಣು ತೆರೆದೇ ಇದ್ದವು. ಅವನು ಮತ್ತು ತಂಗೆವ್ವ, ಆಗ ಮದುವೆಯಾಗಿ ಎರಡು ವರ್ಷ, ಮರಳು ತೋಡಿ ಹೂತರು. ಊರಿಗೆ ಬಂದು ಜಕ್ಕಪ್ಪ ತೋಳ ಬಂದವು ಎಂದ. ಮೊದಲು ಮೂರು ತೋಳ. ಯುಗಾದಿಯ ಹೊತ್ತಿಗೆ ಹನ್ನೆರಡು. ಮೊಮ್ಮಗಳಿಗೆ ಹೇಳುವಾಗ ನಲವತ್ತು, ಅದರಲ್ಲೊಂದು ಕರುವಿನಷ್ಟು ಎತ್ತರ, ಅದರ ಮೂತಿಗೆ ತಾನು ಗೊಟ್ಟದಿಂದಲೇ ಬಾರಿಸಿದ್ದು. ತಂಗೆವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಬಡಿಯುವ ಸದ್ದು ತಪ್ಪುತ್ತಿರಲಿಲ್ಲ. ತಲೆ ಎತ್ತುತ್ತಲೂ ಇರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಅವನು ಎರಡು ಚಮಚ ಅಳೆದು, ಒಳಗೆ ಹೋಗುವ ಬದಲು ಹಿತ್ತಲಿಗೆ ಬಂದು ಗೋಡೆಯ ಬುಡಕ್ಕೆ ಹೊಯ್ದ. ಸೊರಗಿದ ಜೀವಕ್ಕೆ ಭೇದಿಯಾದರೆ ಪ್ರಾಣ ಹಿಂದಿನ ಬಾಗಿಲಿನಿಂದ ಹೋಗುತ್ತದೆ. ಪುಸ್ತಕ ಓದಿದವರಿಗೆ ಅದು ಗೊತ್ತಿರುವುದಿಲ್ಲ, ಹೂತವರಿಗೆ ಗೊತ್ತಿರುತ್ತದೆ. ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ತಂಗೆವ್ವನಿಗೆ ಒಂದೆರಡು ಒಣ ಗುಂಡು ಬಿದ್ದವು, ಕುರಿಹಿಕ್ಕೆಯಂಥವು. ಉಮಾಶ್ರೀ ಗಾಬರಿಯಾಗಿ ತೋರಿಸಿದಾಗ ಅವನ ಮುಖ ಅರಳಿತು. ಹಿಕ್ಕೆ ಒಣಗಿದ್ದರೆ ಕುರಿ ಗಟ್ಟಿ. ಅವನು ಕಲಿತ ಮೊದಲ ಪಾಠ ಅದು, ಮಾತು ಕಲಿಯುವ ಮುಂಚಿನದು. ಕೇತಕಿ ಕೊಟ್ಟಿದ್ದ ಔಷಧಿಯ ಕಾರ್ಡಿನಲ್ಲಿ ಕುಡಿಸಿದ ಹೊತ್ತಿಗೆಲ್ಲ ಗುರುತು ಹಾಕಬೇಕಿತ್ತು. ಗುಳಿಗೆಯ ಸಾಲಿನಲ್ಲಿ ಉಮಾಶ್ರೀಯ ಪೆನ್ನಿನ ಗೀರು. ಸಿಹಿ ಔಷಧಿಯ ಸಾಲಿನಲ್ಲಿ ಜಕ್ಕಪ್ಪನ ಹೆಬ್ಬೆಟ್ಟು, ಭಂಡಾರದಲ್ಲಿ ಅದ್ದಿದ್ದು. ಕುಡಿಸಿದ ಮೂರು ದಿನ ಅದನ್ನು ಡೌಲಿಗೆ ಒತ್ತಿದ್ದ. ನಾಲ್ಕನೆಯ ದಿನ ಬೆರಳು ಚೀಲದೊಳಗೆ ಹೋಗಿ ಹೊರಗೆ ಬಾರದೆ ನಿಂತಿತು. ಖಾಲಿ ಬಿಟ್ಟರೆ ಸೊಸೆ ಕೇಳುತ್ತಾಳೆ. ಒತ್ತಿದ. ದೇವರೇ, ಇದು ಅವಳ ಜೀವಕ್ಕಾಗಿ ಎಂದು ಒತ್ತಿದ. ಎಂಟು ದಿನಕ್ಕೆ ಹೊಟ್ಟೆ ಸರಿಯಾಗಿಲ್ಲವೆಂದು ಫೋನಿನಲ್ಲಿ ಜಮಖಂಡಿಯ ಡಾಕ್ಟರು ಎರಡನ್ನು ಮೂರು ಚಮಚ ಮಾಡಿದರು. ಗೋಡೆಯ ಬುಡಕ್ಕೆ ಮೂರು ಚಮಚ ಬಿತ್ತು. ಕಾರ್ಡು ನೋಡಿದ ಕೇತಕಿ, ಇಡೀ ತಾಲೂಕಿನಲ್ಲಿ ಇಷ್ಟು ಶಿಸ್ತಿನ ಕಾರ್ಡು ಇನ್ನೊಂದಿಲ್ಲ ಎಂದು ಹೊಗಳಿದ್ದಳು. ಆ ಹೊಗಳಿಕೆಯನ್ನೂ ಅವನು ಚಹಾದಂಗಡಿಗೆ ಒಯ್ದಿದ್ದ. ಅಲ್ಲಿ ಅದು ಜಿಲ್ಲೆಯಾಗಿತ್ತು.

ನಿನ್ನೆಯಿಂದ ತಂಗೆವ್ವ ಗುಳಿಗೆಯನ್ನೇ ನುಂಗುತ್ತಿಲ್ಲ. ತಿಂದದ್ದೆಲ್ಲ ವಾಂತಿ, ಬರಿಹೊಟ್ಟೆಗೂ ವಾಂತಿ. ಉಮಾಶ್ರೀ ಗುಳಿಗೆ ತುಟಿಗೆ ಹಿಡಿದರೆ ಬಾಯಿ ಬಿಗಿದು ಕೂತಳು. ಗಂಡ ಹೋಗಿ ಕೂತಾಗ ಮಾತ್ರ ಹೇಳಿದಳು.

“ಈ ಗುಳಗಿನ ನನ್ನ ಹೊಟ್ಟಿಗಿ ಕೀಲಿ ಹಾಕೈತಿ. ನೋವಿನ್ಯಾಗ ಸುಟಗೊಂಡ ಸಾಯ್ತೀನಿ, ಹೊಟ್ಟಿ ಕಟಗೊಂಡ ಸಾಯೂದಿಲ್ಲ.”

ಹೇಳುವುದಕ್ಕೆ ಅವನ ಬಾಯಲ್ಲಿ ನಲವತ್ತು ತೋಳವಿತ್ತು, ಒಂಟೆಯಿತ್ತು, ಗ್ರಾಮಸೇವಕನಿದ್ದ. ಇದಕ್ಕೆ ಹೇಳಬೇಕಾದದ್ದು ಇರಲಿಲ್ಲ. ಬೆಳಗಿನ ಹೊತ್ತಿಗೆ ಗುಳಿಗೆ ಇಲ್ಲದ ಮೈ ಬೆವರಿ, ಆಕಳಿಸಿ, ರೋಮ ನಿಂತು, ನೋವು ಬೆನ್ನಿನಿಂದ ಕಾಲಿಗೆ ಕಾದ ಸಲಾಕೆಯಂತೆ ಇಳಿಯುತ್ತಿತ್ತು. ಅದರ ನಡುವೆಯೂ ಅವಳ ಬಲಗೈಯ ಬೆರಳು ಗಾಳಿಯಲ್ಲಿ ಉಣ್ಣೆ ಹಿಂಜಿ ಎಳೆ ತೆಗೆಯುತ್ತಿದ್ದವು. ತೊಲೆಯ ಮೇಲೆ ಕುರಿಮರಿ ಕೂತಿವೆ, ಇಳಿಸಿರಿ ಎನ್ನುತ್ತಿದ್ದಳು. ಜಕ್ಕಪ್ಪ ಒಂದು ಸಲ ನಿಜವಾಗಿಯೂ ತಲೆ ಎತ್ತಿ ತೊಲೆ ನೋಡಿದ.

ಹನ್ನೊಂದಕ್ಕೆ ಕೇತಕಿಯ ಸ್ಕೂಟಿ ಬಂತು. ಹೊಟ್ಟೆ ಮುಟ್ಟಿ, ಸ್ಟೆತಸ್ಕೋಪ್ ಇಟ್ಟು ಕೇಳಿ, ಕೆಳಗೆ ಪರೀಕ್ಷೆ ಮಾಡಬೇಕೆಂದಾಗ ತಂಗೆವ್ವ ಕಳೆದ ವಾರದಂತೆಯೇ ಎರಡು ತೊಡೆ ಬಿಗಿಹಿಡಿದು ಕೂಗಿದಳು. ಹುಡುಗಿ ಕೈ ಹಿಂತೆಗೆದಳು. ಪಡಸಾಲೆಗೆ ಬಂದು ಡಾಕ್ಟರ್ ನಂದಕಿಶೋರರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟಳು. ಔಷಧಿ ತಪ್ಪದೆ ಹೋಗಿದೆಯೇ ಎಂದು ಡಾಕ್ಟರು ಎರಡು ಸಲ ಕೇಳಿದರು. ಕೇತಕಿ ಗೋಡೆಯ ಕಾರ್ಡಿನ ಮುಂದೆ ನಿಂತು, ಒಂದೂ ತಪ್ಪಿಲ್ಲ ಸರ್, ಭಂಡಾರದ ಗುರುತು ಎಂದಳು. ಡಾಕ್ಟರು ನಿಧಾನವಾಗಿ ಹೇಳಿದರು. ಅಷ್ಟು ಕೊಟ್ಟೂ ಒಂಬತ್ತು ದಿನ ಇಳಿದಿಲ್ಲವೆಂದರೆ ಗಡ್ಡೆಯೇ ಕರುಳನ್ನು ಒತ್ತಿ ಮುಚ್ಚಿರಬೇಕು. ಇನ್ನು ಭೇದಿಯ ಔಷಧಿ ಮುಟ್ಟಿಸಬೇಡಿ, ಮಿರಜಿನ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ಮೂಗಿನಿಂದ ನಳಿಕೆ ಹಾಕುತ್ತಾರೆ, ಆಪರೇಷನ್ ಮಾಡಲು ನೋಡುತ್ತಾರೆ, ಆ ಮೈ ತಾಳುತ್ತದೆಯೋ ಹೇಳಲಾರೆ. ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಮಗ ಗುರುಪಾದ ಫೋನ್ ಹೋದೊಡನೆ ಅಲ್ಲಿಂದಲೇ ಗಾಡಿ ಗೊತ್ತು ಮಾಡಿದ. ಒಂದು ತಾಸಿನಲ್ಲಿ ಬರುತ್ತದೆ. ಜಕ್ಕಪ್ಪ ಕಾರ್ಡು ನೋಡುತ್ತಿದ್ದ. ಹಳದಿ ಹೆಬ್ಬೆಟ್ಟುಗಳು ಸಾಲಾಗಿ ನಿಂತು ಅವನ ಕಡೆಗೇ ನೋಡುತ್ತಿದ್ದವು. ಅರವತ್ತು ವರ್ಷದಲ್ಲಿ ಅವನು ಹೇಳಿದ್ದನ್ನು ಯಾರಾದರೂ ಇಷ್ಟು ಪೂರ್ತಿಯಾಗಿ ನಂಬಿದ್ದು ಇದೇ ಮೊದಲು.

ಅವನು ಕೇತಕಿಯ ಕಡೆ ತಿರುಗಿದ.

“ನಾ ಕುಡಸಿಲ್ಲವ್ವಾ. ಒಂದ ಹನಿ ಕುಡಸಿಲ್ಲ. ನೂರ ಬಾಟ್ಲಿ ಚೆಲ್ಲೇನಿ. ಹಿತ್ತಲದಾಗ ಹರದ ಹಳ್ಳಾ ಕೂಡೈತಿ ಅದು.”

ಯಾಕೆ ನೂರು ಎಂದನೋ ಅವನಿಗೇ ಗೊತ್ತಿರಲಿಲ್ಲ. ಮೂರು ಎನ್ನಲು ಹೊರಟ ನಾಲಿಗೆಗೆ, ಮಾಡಿದ ಪಾಪಕ್ಕೆ ಆ ಅಂಕಿ ತೀರ ಸಣ್ಣದೆನಿಸಿರಬೇಕು. ಕೇತಕಿ ಅವನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯಿತ್ತು, ಅದು ಇನ್ನೂ ಕೆಟ್ಟದು. ದವಾಖಾನೆಯಿಂದ ಕೊಟ್ಟದ್ದೇ ಮೂರು ಬಾಟಲಿ ಅಜ್ಜಾ, ಎಂದಳು. ಇಂಥ ಹೊತ್ತಿನಲ್ಲಿ ಮನೆಯವರು ತಪ್ಪನ್ನೆಲ್ಲ ತಮ್ಮ ಮೇಲೆ ಎಳೆದುಕೊಳ್ಳುವುದನ್ನು ದಿನಾ ನೋಡುತ್ತೇನೆ, ನೀವು ಮಾಡಿದಷ್ಟು ಯಾರೂ ಮಾಡಿಲ್ಲ, ಎಂದಳು. ಮೊದಲ ಮೂರು ದಿನ ಕುಡಿಸಿದ್ದನ್ನು ಕಣ್ಣಾರೆ ಕಂಡಿದ್ದ ಉಮಾಶ್ರೀ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತ ತಿರುಗಿಯೂ ನೋಡಲಿಲ್ಲ.

“ಮಾವಾರ, ಇವತ್ತರೆ ಕಥಿ ಬ್ಯಾಡ್ರಿ. ಅತ್ತಿ ಸಾಯಾಕತ್ತಾಳ.”

ಅವನು ಭಂಡಾರದ ಚೀಲಕ್ಕೆ ಕೈ ಚಾಚಿದ. ಮುಟ್ಟಿ ಆಣೆ ಮಾಡಿದರೆ ನಂಬುತ್ತಾರೆ. ಕೈ ಅರ್ಧದಲ್ಲಿ ನಿಂತಿತು. ಅದನ್ನು ಮುಟ್ಟಿಯೇ ಕುಡಿಸಿದೆ ಎಂದಿದ್ದ, ದಿನಕ್ಕೆರಡು ಸಲ. ಈಗ ಅದನ್ನೇ ಮುಟ್ಟಿ ಕುಡಿಸಿಲ್ಲ ಎನ್ನಬೇಕು. ಇದ್ದ ಒಂದು ಗಟ್ಟಿ ನಾಣ್ಯವನ್ನು ತಾನೇ ಖೋಟಾ ಮಾಡಿಕೊಂಡಿದ್ದ. ಕೈ ಕೆಳಗಿಳಿಸಿ ಪಡಸಾಲೆಯ ನಡುವೆ ನಿಂತ. ಅವನ ಪಕ್ಕದಿಂದ ಚೀಲ ಹೋಯಿತು, ಬೋಗುಣಿ ಹೋಯಿತು, ನೀರಿನ ತಂಬಿಗೆ ಹೋಯಿತು. ಸಂತೆಯಲ್ಲಿ ಮಾರಾಟವಾಗದೆ ಉಳಿದ ಮುದಿ ಟಗರಿನಷ್ಟೂ ಅವನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಳಗೆ ತಂಗೆವ್ವ ಮತ್ತೆ ಅರ್ಧ ನರಳಿ ನಿಲ್ಲಿಸಿದಳು. ಮರಳು ತೋಡುವಾಗಲೂ ಅವಳು ಹೀಗೆಯೇ, ಬುಟ್ಟಿ ಎತ್ತಿದಾಗ ಅರ್ಧ ಉಸಿರು ಹಿಡಿದು, ಇಳಿಸಿದ ಮೇಲೆ ಬಿಡುತ್ತಿದ್ದಳು. ಹನ್ನೊಂದನೆಯ ಕುರಿಯನ್ನು ಇಬ್ಬರೂ ಕೂಡಿ ಎಳೆದಿದ್ದರು. ಈಗ ಮೂಗಿನಲ್ಲಿ ನಳಿಕೆ. ಹೊಟ್ಟೆ ಕೊಯ್ಯುತ್ತಾರೆ. ಕೊಯ್ದು ನೋಡಿ, ಗಡ್ಡೆಯಲ್ಲ, ಬರೇ ಹಿಕ್ಕೆ ಎಂದು ಒಬ್ಬರಿಗೊಬ್ಬರು ಮರಾಠಿಯಲ್ಲಿ ಹೇಳಿಕೊಳ್ಳುತ್ತಾರೆ, ಆಗ ಅವಳು ಇರುವುದಿಲ್ಲ.

ಕೇತಕಿ ಹೊರಗೆ ಸ್ಕೂಟಿಯ ಡಿಕ್ಕಿಯಿಂದ ಮಿರಜಿಗೆ ಚೀಟಿ ಬರೆಯುವ ಪುಸ್ತಕ ತೆಗೆಯುತ್ತಿದ್ದಳು. ಜಕ್ಕಪ್ಪ ಹೋಗಿ ಹ್ಯಾಂಡಲ್ ಹಿಡಿದು ನಿಂತ. ಇರುವೆ ನೋಡಲು ಬಾ ಎಂದ. ಅವಳಿಗೆ ಮುದುಕನ ತಲೆ ಕೆಟ್ಟಿದೆ ಎನಿಸಿತೋ ಏನೋ, ಮೆಲ್ಲಗೆ ಅವನ ಕೈ ಬಿಡಿಸಿ, ಆಮೇಲೆ ಆ ಕೈ ಮತ್ತೆ ಹ್ಯಾಂಡಲಿಗೆ ಹೋದದ್ದನ್ನು ಕಂಡು ಹಿಂದೆ ಬಂದಳು. ಹಿತ್ತಲಲ್ಲಿ ಅವನು ಗೋಡೆಯ ಬುಡದ ಮಣ್ಣನ್ನು ಉಗುರಿನಿಂದ ಕೆರೆದ. ಕೆಳಗೆ ಮಣ್ಣು ಕಪ್ಪಗೆ, ಅಂಟಂಟಾಗಿ, ಬೆಲ್ಲದ ಕೊಪ್ಪರಿಗೆಯ ತಳದಂತಿತ್ತು. ಇರುವೆಗಳು ಅವನ ಬೆರಳಿಗೆ ಹತ್ತಿದವು, ಕಡಿದವು. ಅವನು ಒರೆಸಿಕೊಳ್ಳಲಿಲ್ಲ. ಮಾತು ಶುರು ಮಾಡುವ ಮುಂಚೆ ನಾಲಿಗೆಯನ್ನು ಹಲ್ಲಿನ ನಡುವೆ ಒಂದು ಗಳಿಗೆ ಹಿಡಿದ, ಅದು ಎಲ್ಲಿಗೆ ಓಡುತ್ತದೆಂದು ಅವನಿಗೆ ಗೊತ್ತಿತ್ತು.

“ಮೂರ ಬಾಟ್ಲಿ. ಮೂರನೇದರಾಗ ನಾಕ ಬೆರಳಷ್ಟ ಉಳದೈತಿ. ಕುಡಸಿದ್ದು ಮೂರ ದಿನಾ ಅಷ್ಟ. ಚೆಲ್ಲಿದ್ದು ಇಪ್ಪತ್ತೆರಡ ದಿನಾ. ಮೊದಲ ಎರಡೆರಡ ಚಮಚಾ, ಆಮ್ಯಾಲ ಮೂರ ಮೂರ. ಇಲ್ಲೇ.”

ಇಷ್ಟು ಬೋಳಾದ ಮಾತು ಆ ಬಾಯಿಂದ ಹುಟ್ಟಿದ್ದನ್ನು ಸಾವಳಗಿಯ ಕಲ್ಲುಗಳೂ ಕೇಳಿರಲಿಲ್ಲ. ಕೇತಕಿ ಕೂತು, ಆ ಮಣ್ಣನ್ನು ಎರಡು ಬೆರಳಿನಲ್ಲಿ ತಿಕ್ಕಿ, ಮೂಗಿಗೆ ಹಿಡಿದಳು. ಏಳುವಾಗ ಅವಳ ಮುಖದಲ್ಲಿ ಕರುಣೆ ಉಳಿದಿರಲಿಲ್ಲ. ಅವನಿಗೆ ಅದರಿಂದ ಏನೋ ಹಗುರವಾಯಿತು.

ಕೇತಕಿ ಪಡಸಾಲೆಗೆ ಬಂದು ಮತ್ತೆ ಫೋನ್ ಹಚ್ಚಿ ಎಲ್ಲವನ್ನೂ ಹೇಳಿದಳು. ಡಾಕ್ಟರು ಈ ಸಲ ಬೇಗ ಬೇಗ ಮಾತಾಡಿದರು. ಮೊದಲು ಕೆಳಗೆ ಪರೀಕ್ಷೆ ಮಾಡು. ಗಟ್ಟಿಯಾಗಿ ತುಂಬಿದ್ದರೆ ನಿಧಾನ ತೆಗೆ, ಎನಿಮಾ ಕೊಡು, ನಾನು ಫೋನಿನಲ್ಲಿ ಇರುತ್ತೇನೆ. ಖಾಲಿ ಇದ್ದರೆ ಗಡ್ಡೆಯೇ, ಒಂದು ನಿಮಿಷ ತಡ ಮಾಡದೆ ಮಿರಜಿಗೆ ಕಳಿಸು. ಅದಕ್ಕೂ ಮುಂಚೆ ಗುಳಿಗೆ ನುಂಗಿಸು. ಆ ನೋವಿನಲ್ಲಿ ಮುಟ್ಟಲಾಗುವುದಿಲ್ಲ. ಗುಳಿಗೆ ನುಂಗಿಸುವುದು ಯಾರು ಎಂದು ಯಾರೂ ಕೇಳಲಿಲ್ಲ. ಉಮಾಶ್ರೀ ಅದನ್ನು ಮಾವನ ಅಂಗೈಗೆ ಹಾಕಿದಳು, ಬೆರಳು ತಾಗದಂತೆ, ಮೇಲಿನಿಂದ.

ಜಕ್ಕಪ್ಪ ಹಾಸಿಗೆಯ ಪಕ್ಕ ಕೂತ. ತಂಗೆವ್ವ ಗಾಳಿಯ ಉಣ್ಣೆ ಬಿಟ್ಟು ಅವನನ್ನು ನೋಡಿದಳು.

“ನಿನ್ನ ಹೊಟ್ಟಿಗಿ ಕೀಲಿ ಹಾಕಿದ್ದು ಗುಳಗಿ. ತಗಿಯೂ ಔಷಧ ಚೆಲ್ಲಿದಾಂವ ನಾ. ಗಲಗಲ್ಯಾಗ ಆದಂಗ ಆದೀತಂತ ಹೆದರಿದ್ನಿ.”

ಅವಳು ಬಹಳ ಹೊತ್ತು ನೋಡಿದಳು. ಅವನು ಕಣ್ಣು ತಪ್ಪಿಸಲು ತೊಲೆಯ ಕಡೆ ನೋಡಿದ; ಅಲ್ಲಿ ಕುರಿಮರಿಯೂ ಇರಲಿಲ್ಲ. ಬೈಯಲಿ ಎಂದು ಕಾದ. ಆಮೇಲೆ ಅವಳು ಬಾಯಿ ತೆರೆದಳು, ಮಾತಿಗಲ್ಲ, ಗುಳಿಗೆಗೆ. ಅರ್ಧ ತಾಸಿಗಿಂತ ಹೆಚ್ಚೇ ಕಾದರು. ಆ ಹೊತ್ತು ಎಷ್ಟು ಉದ್ದವಿತ್ತೆಂದರೆ, ಅದನ್ನು ಉದ್ದ ಮಾಡಿ ಹೇಳುವ ಅಗತ್ಯವೇ ಇರಲಿಲ್ಲ.

ಕೇತಕಿ ಕೈಗವಸು ತೊಟ್ಟು, ಎಣ್ಣೆ ಸವರಿಕೊಂಡು ಬಂದಾಗ ಗಂಡಸರು ಹೊರಗೆ ಎನ್ನುವ ಮುಂಚೆಯೇ ತಂಗೆವ್ವ ಅವನ ಮಣಿಕಟ್ಟು ಹಿಡಿದಿದ್ದಳು. ಇರುವೆ ಕಡಿದು ಊದಿದ ಜಾಗದಲ್ಲಿಯೇ ಅವಳ ಉಗುರು ಊರಿತು. ಎಡ ಮಗ್ಗುಲಿಗೆ ಮಲಗಿಸಿ, ಮಂಡಿ ಮಡಚಿಸಿ, ಮೇಲೆ ಚಾದರ ಹೊದಿಸಿದರು. ಅವಳ ಮುಖ ಅವನ ಮುಖಕ್ಕೆ ಒಂದು ಗೇಣು. ಹಿಂದೆ ಕೇತಕಿಯ ಕೈ ಮುಟ್ಟಿದ್ದು ಅವಳ ಕಣ್ಣಿನಲ್ಲಿ ಕಂಡಿತು. ತೊಡೆ ಬಿಗಿಯಿತು. ಬಿಡು ಅಜ್ಜಿ, ಸಡಿಲು ಬಿಡು ಎಂದು ಹಿಂದಿನಿಂದ ದನಿ. ತಂಗೆವ್ವ ಬಿಡಲಿಲ್ಲ. ಗಂಡನನ್ನೇ ನೋಡುತ್ತ, ರೊಟ್ಟಿ ಬಡಿಯುವಾಗ ಎಂದೂ ಎತ್ತದ ಕಣ್ಣೆತ್ತಿ, ಕೇಳಿದಳು.

“ಗಲಗಲ್ಯಾಗ ತೋಳ ಎಷ್ಟ ಬಂದಿದ್ದೂ?”

ಬೋಗುಣಿ ಹಿಡಿದು ನಿಂತ ಉಮಾಶ್ರೀಗೆ ಅತ್ತೆಗೆ ಮತ್ತೆ ಇಲ್ಲದ್ದು ಕಾಣುತ್ತಿದೆ ಎನಿಸಿತು. ಮೂರು, ಹನ್ನೆರಡು, ನಲವತ್ತು, ಎಲ್ಲವೂ ಅವನ ಗಂಟಲಿನ ತನಕ ಓಡಿ ಬಂದವು. ಕರುವಿನಷ್ಟು ಎತ್ತರದ್ದು ಎಲ್ಲಕ್ಕಿಂತ ಮುಂದಿತ್ತು.

“ಒಂದೂ ಬಂದಿರ್ಲಿಲ್ಲ.”

ಸೊಸೆ ತಿರುಗಿ ಅವನನ್ನು ನೋಡಿದಳು. ತಂಗೆವ್ವನ ಬಾಯಿಂದ ಹಿಡಿದ ಉಸಿರು ಹೊರಗೆ ಬಂತು, ಅರ್ಧವಲ್ಲ, ಪೂರ್ತಿ. ಮಂಡಿ ಸಡಿಲಾಯಿತು. ಹಿಂದೆ ಕೇತಕಿ ಒಂದು ಗಳಿಗೆ ಮೈಯೆಲ್ಲ ಬೆರಳಿನ ತುದಿಯಾಗಿ ನಿಂತಳು. ಆಮೇಲೆ ತಲೆ ಎತ್ತದೆಯೇ, ಐತಿ, ಕೆಳಗ ಐತಿ, ಕಲ್ಲ ಆಗೈತಿ ಎಂದಳು. ಹೊರಗೆ ಮಿರಜಿನ ಗಾಡಿ ಬಂದು ಹಾರ್ನ್ ಹಾಕಿತು. ಕಾಯಲು ಹೇಳು ಎಂದಳು ಸೊಸೆಗೆ. ವಾಪಸ್ ಕಳಿಸಬೇಡ, ಕಾಯಲು ಹೇಳು.

ಮೊದಲ ಕಲ್ಲು ಕದಲಿದಾಗ ತಂಗೆವ್ವ ಕೂಗಿದಳು, ಕೂಗಿ ಮತ್ತೆ ಅದನ್ನೇ ಕೇಳಿದಳು, ಎಷ್ಟು ತೋಳ. ಒಂದೂ ಇಲ್ಲ ಎಂದ. ಎರಡನೆಯದಕ್ಕೂ ಕೇಳಿದಳು. ಬಾಗಿಲಲ್ಲಿ ಡ್ರೈವರ್ ಇಣುಕಿದ, ಸೊಸೆ ಇದ್ದಳು, ಫೋನಿನಲ್ಲಿ ಡಾಕ್ಟರಿದ್ದರು. ಕೇಳುವವರು ಇಷ್ಟು ಜನ ಕೂಡಿದಾಗ ಜಕ್ಕಪ್ಪನ ಬಾಯಲ್ಲಿ ಈ ತನಕ ಯಾವ ಅಂಕಿಯೂ ಇದ್ದಲ್ಲಿ ನಿಂತಿರಲಿಲ್ಲ. ಅವಳು ಕೇಳಿದಷ್ಟು ಸಲವೂ ಅವನು ಅದನ್ನೇ ಹೇಳಿದ. ಅದು ಬೆಳೆಯಲಿಲ್ಲ.